ಐಎಂಜಿ_0001 ಎರಡು ಸಲ ಬಂದಾಗ

ಅಕ್ಕನ ಸೀಮಂತದ ದಿನ ಬೆಳಗ್ಗೆ 180 ಫೋಟೊ ತೆಗೆದೆ. ಲ್ಯಾಪ್‌ಟಾಪಿಗೆ ಹಾಕಿಕೊಂಡು, ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ (ಅಂದರೆ ಪೂರ್ತಿ ಖಾಲಿ ಮಾಡಿ), ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೂ 120 ತೆಗೆದೆ. ರಾತ್ರಿ ಅದನ್ನೂ ಅದೇ ಫೋಲ್ಡರಿಗೆ ಹಾಕಲು ಹೋದಾಗ, ಇದೇ ಹೆಸರಿನ ಫೈಲ್‌ಗಳು ಇವೆ, ಬದಲಿಸಲೇ ಎಂದು ಕಂಪ್ಯೂಟರ್ ಕೇಳಿತು. ನಿದ್ದೆಗಣ್ಣಲ್ಲಿ ಹ್ಞೂಂ ಅಂದುಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಬಳೆ ತೊಡಿಸುವ ಫೋಟೊ ಇರಬೇಕಾದ ಕಡೆ ಎಲೆಯ ಮೇಲಿನ ಹೋಳಿಗೆ ಕೂತಿತ್ತು.

ಕ್ಯಾಮೆರಾ ತಪ್ಪೇನೂ ಮಾಡಿರಲಿಲ್ಲ. ಅದು ಹೆಸರಿಡುವ ಲೆಕ್ಕ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಕಾರ್ಡ್ ತೆರೆದರೆ ಮೊದಲು ಸಿಗುವುದು ಡಿಸಿಐಎಂ ಎಂಬ ಫೋಲ್ಡರ್. ಯಾವ ಕಂಪನಿಯ ಕ್ಯಾಮೆರಾ ಆದರೂ ಇದೇ ಹೆಸರು. 1998ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದವರು ಸೇರಿ ಡಿಸಿಎಫ್ ಎಂಬ ನಿಯಮ ಮಾಡಿಕೊಂಡರು. ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದಕ್ಕೆ ಹಾಕಿದರೂ ಫೋಟೊ ಕಾಣಬೇಕು ಎಂಬುದು ಉದ್ದೇಶ. ಡಿಸಿಐಎಂ ಒಳಗಿನ ಫೋಲ್ಡರುಗಳಿಗೆ 100ರಿಂದ 999ರವರೆಗೆ ಒಂದು ಸಂಖ್ಯೆ, ಅದಾದ ಮೇಲೆ ಐದು ಇಂಗ್ಲಿಷ್ ಅಕ್ಷರ. ಕ್ಯಾನನ್‌ನಲ್ಲಿ 100ಕ್ಯಾನನ್, ಸೋನಿಯಲ್ಲಿ 100ಎಂಎಸ್‌ಡಿಸಿಎಫ್. ಫೋಟೊ ಹೆಸರಿಗೆ ಎಂಟೇ ಜಾಗ. ಮೊದಲ ನಾಲ್ಕು ಕಂಪನಿಯ ಇಷ್ಟ, ಉಳಿದ ನಾಲ್ಕರಲ್ಲಿ 0001ರಿಂದ 9999ರವರೆಗಿನ ನಂಬರು. ವಿಂಡೋಸ್ ಬರುವ ಮೊದಲು ಕಂಪ್ಯೂಟರ್ ನಡೆಸುತ್ತಿದ್ದ ಎಂಎಸ್ ಡಾಸ್ ಕಾಲದಲ್ಲಿ ಫೈಲ್ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ಆ ಅಳತೆಯೇ ಇಲ್ಲೂ ಬಂದು ಕೂತಿದೆ.

ಕ್ಯಾನನ್‌ನಲ್ಲಿ ಐಎಂಜಿ_, ನಿಕಾನ್‌ನಲ್ಲಿ ಡಿಎಸ್‌ಸಿ_, ಫ್ಯೂಜಿಯಲ್ಲಿ ಡಿಎಸ್‌ಸಿಎಫ್. ನನಗೆ ಇಷ್ಟವಾಗುವುದು ಒಲಿಂಪಸ್ ಲೆಕ್ಕ. 'ಪಿ' ಆದ ಮೇಲೆ ತಿಂಗಳು, ಆಮೇಲೆ ದಿನ. ಅಕ್ಟೋಬರ್, ನವೆಂಬರ್, ಡಿಸೆಂಬರಿಗೆ ಒಂದೇ ಅಂಕಿ ಸಾಲದಲ್ಲ, ಅದಕ್ಕೆ ಎ, ಬಿ, ಸಿ. ರಾಜ್ಯೋತ್ಸವದ ದಿನ ತೆಗೆದ ಫೋಟೊ ಪಿಬಿ010023 ಎಂದಿರುತ್ತದೆ. ಹೆಸರಿನ ಮೊದಲಲ್ಲೇ ಅಡಿಗೆರೆ ಬಂದು _ಎಂಜಿ_ ಅಥವಾ _ಡಿಎಸ್‌ಸಿ ಎಂದು ಕಂಡರೆ ಗಾಬರಿ ಬೇಡ. ಬಣ್ಣದ ಸೆಟ್ಟಿಂಗ್ ಅಡೋಬಿ ಆರ್‌ಜಿಬಿಯಲ್ಲಿದೆ ಎಂದರ್ಥ.

ಈಗ ಕೆಲಸಕ್ಕೆ ಬರೋಣ.

ಮೊದಲು ಕ್ಯಾಮೆರಾದ ಗಡಿಯಾರ ನೋಡಿ. ತುಂಬಾ ದಿನ ಬ್ಯಾಟರಿ ಇಲ್ಲದೆ ಬಿದ್ದಿದ್ದ ಕ್ಯಾಮೆರಾ ತಾರೀಖು ಮರೆತಿರುತ್ತದೆ. ಫೋಟೊ ತೆಗೆದ ದಿನ, ಸಮಯ ಎಲ್ಲ ಫೈಲ್ ಒಳಗೇ ಎಕ್ಸಿಫ್ ಎಂಬ ಮಾಹಿತಿಯಾಗಿ ಕೂತಿರುತ್ತದೆ. ಮುಂದೆ ನಾವು ನಂಬುವುದು ಅದನ್ನೇ. ಒಂದೇ ಮದುವೆಗೆ ಎರಡು ಕ್ಯಾಮೆರಾ ಹೋಗುತ್ತಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಗಡಿಯಾರ ಹೊಂದಿಸಿ. ಇಲ್ಲದಿದ್ದರೆ ಧಾರೆ ಆಗುವ ಮೊದಲೇ ಊಟ ಮುಗಿದಿರುತ್ತದೆ!

ಆಮೇಲೆ ಮೆನುವಿನಲ್ಲಿ ಫೈಲ್ ನಂಬರಿಂಗ್ ಹುಡುಕಿ. ನಿಕಾನ್‌ನಲ್ಲಿ ಇದಕ್ಕೆ ಫೈಲ್ ನಂಬರ್ ಸೀಕ್ವೆನ್ಸ್ ಎನ್ನುತ್ತಾರೆ. ಕಂಟಿನ್ಯುವಸ್ ಅಥವಾ ಆನ್ ಇಟ್ಟರೆ ಕಾರ್ಡ್ ಬದಲಿಸಿದರೂ ನಂಬರು ಮುಂದುವರಿಯುತ್ತದೆ. ಆಟೋ ರೀಸೆಟ್ ಅಥವಾ ಆಫ್ ಇದ್ದರೆ ಪ್ರತಿ ಖಾಲಿ ಕಾರ್ಡಿಗೂ ಮತ್ತೆ 0001. ನನ್ನ ಹೋಳಿಗೆ ಕಥೆಗೆ ಕಾರಣ ಇದೇ. ಕಂಟಿನ್ಯುವಸ್‌ನಲ್ಲೂ ಒಂದು ತರಲೆ ಇದೆ. ಸ್ನೇಹಿತರ ಕಾರ್ಡ್ ಎರವಲು ತಂದು ಹಾಕುತ್ತೀರಿ, ಅದರಲ್ಲಿ 8500ನೇ ನಂಬರಿನ ಫೋಟೊ ಇರುತ್ತದೆ. ನಿಮ್ಮ 437 ಸೀದಾ 8501ಕ್ಕೆ ಹಾರಿಬಿಡಬಹುದು. ಅದಕ್ಕೇ ಹೊರಗಿನ ಕಾರ್ಡನ್ನು ನಿಮ್ಮ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ಕ್ಲಿಕ್ಕಿಸಿ. ಅವರ ಫೋಟೊ ಬೇರೆ ಕಡೆ ಇದೆಯಾ ಅಂತ ಕೇಳಿಕೊಂಡೇ ಮಾಡಿ, ಆಯ್ತಾ.

ಇನ್ನೊಂದು ಮಾತು. ಫೋಟೊ ಇನ್ನೂ ಕಾರ್ಡಿನಲ್ಲಿರುವಾಗಲೇ ಕಂಪ್ಯೂಟರಿನಲ್ಲಿ 'ಅಜ್ಜಿ' ಅಂತ ಹೆಸರು ಬದಲಿಸಿದರೆ, ಕ್ಯಾಮೆರಾ ಅದನ್ನು ತೋರಿಸದೇ ಇರಬಹುದು. ನಿಯಮಕ್ಕೆ ಹೊಂದದ ಹೆಸರು ಅದಕ್ಕೆ ಅರ್ಥವಾಗುವುದಿಲ್ಲ. ಕಾಪಿ ಮಾಡಿಕೊಂಡ ಮೇಲೆ ನಿಮ್ಮಿಷ್ಟ.

ಕಾಪಿ ಮಾಡುವಾಗ ಪ್ರತಿ ಸಲಕ್ಕೂ ಹೊಸ ಫೋಲ್ಡರ್. ಹೆಸರು 2024-01-15_ಸೀಮಂತ ಎನ್ನುವ ಥರ ಇರಲಿ. ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ನಾವು ದಿನ ಮೊದಲು ಬರೆದು ರೂಢಿ, ನಿಜ. ಆದರೆ ಹಾಗೆ ಬರೆದರೆ ಕಂಪ್ಯೂಟರ್ ಎಲ್ಲ ವರ್ಷದ 15ನೇ ತಾರೀಖನ್ನೂ ಒಂದೇ ಕಡೆ ಗುಡ್ಡೆ ಹಾಕುತ್ತದೆ.

ಒಂದೊಂದು ಫೈಲಿಗೂ ಹೆಸರು ಬೇಕೆಂದರೆ ತಾರೀಖನ್ನು ಮುಂದೆ ಸೇರಿಸಿ, ಕ್ಯಾಮೆರಾದ ನಂಬರು ಹಾಗೇ ಬಿಡಿ: 2024-01-15_ಸೀಮಂತ_0437. ರಾ (ಕ್ಯಾಮೆರಾದ ಕಚ್ಚಾ ಫೈಲ್) ಮತ್ತು ಜೆಪೆಗ್ (ಮಾಮೂಲಿ ಫೋಟೊ ಫೈಲ್) ಎರಡೂ ತೆಗೆಯುವವರಿಗೆ ಇದು ಮುಖ್ಯ. ಒಂದೇ ಕ್ಲಿಕ್ಕಿನ ಎರಡು ಫೈಲ್ ಅಂತ ಗೊತ್ತಾಗುವುದೇ ಆ ನಂಬರಿನಿಂದ. ವಿಂಡೋಸ್‌ನಲ್ಲಿ ಎಲ್ಲ ಆಯ್ಕೆ ಮಾಡಿ ಎಫ್2 ಒತ್ತಿದರೆ ಒಂದೇ ಏಟಿಗೆ ಹೆಸರು ಬದಲಾಗುತ್ತದೆ. ಆದರೆ ಹಳೆಯ ನಂಬರು ಅಳಿಸಿಹೋಗಿ ಸುಮ್ನೆ ಒಂದು, ಎರಡು, ಮೂರು ಎಂದಾಗುತ್ತದೆ. ಉಚಿತವಾಗಿ ಸಿಗುವ ಡಿಜಿಕ್ಯಾಮ್‌ನಂಥ ತಂತ್ರಾಂಶವಾದರೆ ಎಕ್ಸಿಫ್ ತಾರೀಖು ಓದಿ, ನಂಬರು ಉಳಿಸಿಕೊಂಡು ಹೆಸರಿಡುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳನ್ನು ಈ ಗುಂಪಿಗೆ ಸೇರಿಸಬೇಡಿ. ಹೆಸರಿನಲ್ಲಿ ಡಬ್ಲ್ಯುಎ ಅಂತಿದ್ದರೆ, ಅದರಲ್ಲಿನ ತಾರೀಖು ಫೋಟೊ ತೆಗೆದದ್ದಲ್ಲ, ಕಳಿಸಿದ್ದು. ಮಾಮೂಲಿ ಫೋಟೊವಾಗಿ ಕಳಿಸಿದರೆ ಒಳಗಿನ ಎಕ್ಸಿಫ್ ತಾರೀಖೂ ಉಳಿದಿರುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಎಲ್ಲ ಇದ್ದಂತೆಯೇ ಬರುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ಕಂಪ್ಯೂಟರ್ 'ಬದಲಿಸಲೇ?' ಎಂದು ಕೇಳಿಯೇ ಕೇಳುತ್ತದೆ. ಎರಡನ್ನೂ ಉಳಿಸಿಕೊಳ್ಳುವ ದಾರಿಯೂ ಅಲ್ಲೇ ಇರುತ್ತದೆ. ಅದನ್ನೇ ಆರಿಸಿ. ಕಾರ್ಡ್ ಫಾರ್ಮ್ಯಾಟ್ ಮಾಡುವುದು ಮಾರನೆಯ ದಿನ, ಫೋಟೊಗಳು ಎರಡು ಕಡೆ ಇವೆ ಎಂದು ಕಣ್ಣಾರೆ ನೋಡಿದ ಮೇಲೆ.