ನಾಳದ ಬಲೆಗೆ ರಕ್ತದ ಆಕರಕೋಶ ಬೇಕೇ? ತಟ್ಟೆಯಲ್ಲಿ ನೋಡುವ ಬಗೆ

ರಂಕ್ಸ್1 ಜೀನ್‌ನ ಎರಡೂ ಪ್ರತಿ ಕೆಟ್ಟ ಇಲಿ ಭ್ರೂಣದಲ್ಲಿ ರಕ್ತದ ಆಕರಕೋಶಗಳು (ಎಲ್ಲ ಬಗೆಯ ರಕ್ತಕೋಶಗಳಿಗೂ ಮೂಲವಾದ ಕೋಶಗಳು) ಹುಟ್ಟುವುದಿಲ್ಲ. ತಲೆಯ ಸಣ್ಣ ನಾಳಗಳೂ ಸರಿಯಾಗಿ ಕವಲೊಡೆಯುವುದಿಲ್ಲ. ಎರಡಕ್ಕೂ ನಂಟಿದೆಯೆಂದು 2000ರಲ್ಲಿ ಟಕಾಕುರ ಮತ್ತು ಸಂಗಡಿಗರು ತೋರಿಸಿದರು. ಅದೇ ಜಾಡಿನಲ್ಲಿ ನಾವು ಮಾಡುವುದು ಹೀಗೆ.

ಮೊದಲ ದಿನ ಓಪಿ9 ಕೋಶಗಳನ್ನು (ಭ್ರೂಣದ ತುಂಡಿಗೆ ಆಸರೆಯಾಗುವ, ಇಲಿಯ ಮಜ್ಜೆಯಿಂದ ಬಂದ ಕೋಶಗಳು) 6 ಗುಳಿಯ ಪ್ಲೇಟಿಗೆ ಹಾಕಿ. ಮೀಡಿಯಂ, ಅಂದರೆ ಪೋಷಕ ದ್ರವ: ಆಲ್ಫಾ-ಎಂಇಎಂ, ಶೇ 20 ಸೀರಮ್. ಇವನ್ನು ತುಂಬಿ ತುಳುಕಲು ಬಿಟ್ಟರೆ ಕೊಬ್ಬಿನ ಕೋಶಗಳಾಗಿಬಿಡುತ್ತವೆ; ಹೊಳೆಯುವ ಹನಿಗಳು ಕಂಡ ಬ್ಯಾಚನ್ನು ಎಸೆಯಿರಿ, ಸೀರಮ್‌ನ ಪ್ರತಿ ಹೊಸ ಲಾಟನ್ನೂ ಪರೀಕ್ಷಿಸಿ.

ಮರುದಿನ 9.5 ದಿನದ ಭ್ರೂಣದಿಂದ ಮಹಾಪಧಮನಿಯ ಸುತ್ತಲಿನ ತುಂಡನ್ನು ಬಿಡಿಸಿ ಓಪಿ9 ಮೇಲೆ ಇಡಿ. ವಯಸ್ಸನ್ನು ದಿನದಿಂದಲ್ಲ, ಸೊಮೈಟ್ (ಭ್ರೂಣದ ಬೆನ್ನುದ್ದಕ್ಕೂ ಜೋಡಿಯಾಗಿ ಮೂಡುವ ಗಂಟುಗಳು) ಎಣಿಸಿ ಹೊಂದಿಸಿ; ಒಂದೇ ಗರ್ಭದ ಮರಿಗಳಲ್ಲೂ ವ್ಯತ್ಯಾಸವಿರುತ್ತದೆ. ಜೀನ್ ಪರೀಕ್ಷೆಗೆ ಹಳದಿಚೀಲ ಸಾಕು, ಆದರೆ ತಾಯಿಯ ಅಂಗಾಂಶ ಚೂರು ಅಂಟಿದ್ದರೂ ಜೀನ್‌ನ ಎರಡೂ ಪ್ರತಿ ಕೆಟ್ಟ ಭ್ರೂಣ, ಒಂದೇ ಪ್ರತಿ ಕೆಟ್ಟದ್ದೆಂದು ಓದಿಸುತ್ತದೆ. ಮೀಡಿಯಂ ಮೊದಲು ತುಂಡು ಮುಳುಗುವಷ್ಟೇ ಸಾಕು, ಹೆಚ್ಚಾದರೆ ತೇಲುತ್ತದೆ. ಅದಕ್ಕೆ ರಕ್ತಕೋಶಗಳನ್ನು ಬೆಳೆಸುವ ಪ್ರೋಟೀನುಗಳನ್ನು, ಮಿಲಿಲೀಟರಿಗೆ ಎಸ್‌ಸಿಎಫ್ 50 ನ್ಯಾನೊಗ್ರಾಂ, ಐಎಲ್-6 20 ನ್ಯಾನೊಗ್ರಾಂ, ಎರಿಥ್ರೊಪೊಯೆಟಿನ್ 2 ಯೂನಿಟ್ ಸೇರಿಸುತ್ತೇವೆ. ಮೊದಲ ಎರಡು ದಿನ ಪ್ಲೇಟನ್ನು ಅಲುಗಿಸಬೇಡಿ.

ಇಡೀ ಪ್ರಯೋಗ ಕೆಡುವುದು ಮೀಡಿಯಂ ಬದಲಿಸುವಾಗ. ಹೊಸದಾಗಿ ಹುಟ್ಟಿದ ರಕ್ತಕೋಶಗಳಲ್ಲಿ ಬಹುಪಾಲು ಸಡಿಲವಾಗಿ ತೇಲುತ್ತಿರುತ್ತವೆ. ಪೂರ್ತಿ ಹೀರಿ ತೆಗೆದರೆ ಅವೂ ಹೋಗುತ್ತವೆ, ಆಮೇಲೆ ಆರೋಗ್ಯವಂತ ಭ್ರೂಣದ ತುಂಡೇ ರಂಕ್ಸ್1 ಇಲ್ಲದ್ದರಂತೆ ನಡೆದುಕೊಳ್ಳಬಹುದು. ಅರ್ಧ ಮಾತ್ರ, ಅಂಚಿನಿಂದ, ನಿಧಾನವಾಗಿ ತೆಗೆಯಿರಿ; ತೆಗೆದದ್ದರಲ್ಲಿ ಕೋಶ ಕಂಡರೆ ಮರಳಿ ಹಾಕಿ.

ಸುಮಾರು 10ನೇ ದಿನ ಶೇ 4 ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ನಾಳದ ಕೋಶಗಳ ಮೇಲಿರುವ ಪೆಕ್ಯಾಮ್-1 ಪ್ರೋಟೀನನ್ನು ತೋರಿಸುವ ಬಣ್ಣ ಹಾಕುತ್ತೇವೆ. ಮಧ್ಯದಲ್ಲಿ ಹಾಸಿನಂತೆ ಹರಡಿದ ಎಂಡೋಥೀಲಿಯಲ್ (ನಾಳದ ಒಳಪದರದ) ಕೋಶಗಳನ್ನೂ ಸುತ್ತ ಚಾಚುವ ಬಲೆಯನ್ನೂ ಬೇರೆಬೇರೆಯಾಗಿ ಅಳೆಯಬೇಕು. ರಂಕ್ಸ್1 ಇಲ್ಲದ ತುಂಡಿನಲ್ಲಿ ಮುಖ್ಯವಾಗಿ ಸೊರಗುವುದು ಬಲೆ. ಎರಡನ್ನೂ ಕೂಡಿಸಿ ಒಟ್ಟು ವಿಸ್ತೀರ್ಣ ಬರೆದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಪೆಕ್ಯಾಮ್-1 ಹಲವು ರಕ್ತಕೋಶಗಳ ಮೇಲೂ ಇರುವುದರಿಂದ ದುಂಡಗೆ, ಒಂಟಿಯಾಗಿ ಕಪ್ಪಾದದ್ದನ್ನು ನಾಳವೆಂದು ಎಣಿಸಬೇಡಿ. ಅನುಮಾನವಿದ್ದಲ್ಲಿ ಎಂಡೋಥೀಲಿಯಲ್ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ವಿಇ-ಕ್ಯಾಡ್‌ಹೆರಿನ್ ಪ್ರೋಟೀನ್ ನೋಡಿ.

ಕೊರತೆ ತುಂಬುವ ಪರೀಕ್ಷೆಯಿಲ್ಲದೆ ಇದನ್ನು ಯಾರೂ ಒಪ್ಪಬಾರದು. ರಂಕ್ಸ್1 ಇಲ್ಲದ ತುಂಡುಗಳಿರುವ ಮೂರು ಗುಳಿ ತೆಗೆದುಕೊಳ್ಳಿ: ಒಂದಕ್ಕೆ ಆರೋಗ್ಯವಂತ ಭ್ರೂಣದಿಂದ ಬೇರ್ಪಡಿಸಿದ ರಕ್ತದ ಆಕರಕೋಶ, ಇನ್ನೊಂದಕ್ಕೆ ಆಂಜಿಯೊಪೊಯೆಟಿನ್-1, ಮೂರನೆಯದಕ್ಕೆ ಬರೀ ಮೀಡಿಯಂ. ಆಕರಕೋಶಗಳು ಸ್ರವಿಸುವ ಆಂಜಿಯೊಪೊಯೆಟಿನ್-1 ಪ್ರೋಟೀನೇ ಬಲೆಯನ್ನು ಮರಳಿ ಹೆಣೆಸಬಲ್ಲದು. ಆದರೆ ಇದು ಅಂಟುಸ್ವಭಾವದ್ದು, ಪ್ಲಾಸ್ಟಿಕ್‌ಗೆ ಹತ್ತಿ ಕಳೆದುಹೋಗುತ್ತದೆ. ಜೊತೆಗೆ ಹಲವು ಘಟಕಗಳು ಗುಂಪಾಗಿ ಬೆಸೆದಿದ್ದರಷ್ಟೇ ಎಂಡೋಥೀಲಿಯಲ್ ಕೋಶದ ಮೇಲಿನ, ಇದನ್ನು ಹಿಡಿಯುವ ಟೈ2 ಗ್ರಾಹಕ ಎಚ್ಚರಗೊಳ್ಳುತ್ತದೆ. ಹಾಗಾಗಿ ಫಲ ಬಾರದಿದ್ದರೆ ಮೊದಲು ಮತ್ತೊಂದು ಪ್ಲೇಟಿನ ಎಂಡೋಥೀಲಿಯಲ್ ಕೋಶಗಳಲ್ಲಿ ಟೈ2 ಫಾಸ್ಫೇಟ್ ಪಡೆಯುತ್ತದೆಯೇ (ಎಚ್ಚರಗೊಂಡದ್ದರ ಗುರುತು) ನೋಡಿ, ಆಮೇಲೆ ಭ್ರೂಣದ ಮೇಲೆ ದೂರು ಹೇಳಿ.