ಬಾಕ್ಸ್ ತುಂಬಿಸಿ: ಕೋಡಿಂಗ್ ಗೊತ್ತಿಲ್ಲದವರ ಮೊದಲ ಗೇಮ್

ಮೊದಲ ಗೇಮ್‌ನಲ್ಲಿ ಆಡುವವರಿಗೆ ಒಂದೇ ಕೆಲಸ ಇರಲಿ: ಹಿಡಿಯುವುದೋ, ಹಾರುವುದೋ, ತಪ್ಪಿಸಿಕೊಳ್ಳುವುದೋ. ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಟೊಮೆಟೊ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದಲ್ಲ, ಅದನ್ನೇ ಆಟ ಮಾಡೋಣ. ಮೇಲಿಂದ ಟೊಮೆಟೊ ಬೀಳುತ್ತವೆ, ಕೆಳಗೆ ಬಾಕ್ಸ್ ಸರಿಸಿ ಹಿಡಿಯಬೇಕು. ಹದಿನೈದು ಸೇರಿದರೆ ಒಂದು ಬಾಕ್ಸ್ ತುಂಬಿದಂತೆ. ಕೊಳೆತದ್ದು ಬಿದ್ದರೆ ಮೂರು ಕಡಿತ. ಸಮಯ 60 ಸೆಕೆಂಡ್. ದರದ ಏರಿಳಿತ, ಲಾರಿ ಬಾಡಿಗೆ, ಮಂಡಿ ಕಮಿಷನ್ ಇವೆಲ್ಲ ಖಂಡಿತ ತಲೆಗೆ ಬರುತ್ತವೆ. ಒಂದು ಹಾಳೆಯಲ್ಲಿ ಬರೆದು ಎರಡನೇ ಗೇಮ್‌ಗೆ ಎತ್ತಿಡಿ.

ಗೇಮ್ ತಯಾರಿಸುವ ಸಾಫ್ಟ್‌ವೇರ್ ಗೋಡೋ (Godot) 4 ಸಾಕು. ಉಚಿತ, ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಜಿಪ್ ಬಿಚ್ಚಿ ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತದೆ. ನಾಲ್ಕು ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಆದರೆ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಗೆ ಚಿತ್ರ ಮೂಡಿಸುವ ವಿಧಾನ) ಅಂತ ಕೇಳುವ ಜಾಗದಲ್ಲಿ ಕಂಪ್ಯಾಟಿಬಿಲಿಟಿ ಆರಿಸಿ. ಅಲ್ಲಿನ ಇನ್ನೊಂದು ಆಯ್ಕೆ ಫಾರ್ವರ್ಡ್ ಪ್ಲಸ್‌ಗೆ ಹೊಸ ಕಾಲದ ಗ್ರಾಫಿಕ್ಸ್ ಬೇಕು, ಮೇಲಾಗಿ ಬ್ರೌಸರ್‌ಗೆ ಎಕ್ಸ್‌ಪೋರ್ಟ್ ಮಾಡಿದಾಗ ಓಡುವುದು ಕಂಪ್ಯಾಟಿಬಿಲಿಟಿ ಮಾತ್ರ.

ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಅಳತೆ 540 × 960, ಸ್ಟ್ರೆಚ್ ಮೋಡ್ ಕ್ಯಾನ್ವಾಸ್ ಐಟಮ್ಸ್. 768 ಪಿಕ್ಸೆಲ್ ಎತ್ತರದ ಲ್ಯಾಪ್‌ಟಾಪ್ ಪರದೆಯಲ್ಲಿ 960 ಹಿಡಿಯುವುದಿಲ್ಲ. ಅಲ್ಲೇ ಕೆಳಗಿರುವ ಓವರ್‌ರೈಡ್‌ನಲ್ಲಿ (ಕಾಣದಿದ್ದರೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಆನ್ ಮಾಡಿ) 360 × 640 ಹಾಕಿ.

ಈಗ ಚಿತ್ರ ಬಿಡಿಸಲು ಕೂರಬೇಡಿ. ಬಣ್ಣದ ಚೌಕಗಳಲ್ಲೇ ಆಟ ಮುಗಿಯಲಿ. ಚೌಕದಲ್ಲಿ ಮಜಾ ಇಲ್ಲದ ಆಟಕ್ಕೆ ಚಂದದ ಟೊಮೆಟೊ ಬಿಡಿಸಿದರೂ ಮಜಾ ಬರುವುದಿಲ್ಲ.

ಗೋಡೋದಲ್ಲಿ ಆಟದ ಪ್ರತಿ ತುಣುಕೂ ಒಂದು ನೋಡ್. ಬಾಕ್ಸ್ ಒಂದು ಏರಿಯಾ2ಡಿ ನೋಡ್, ಅಂದರೆ ಏನಾದರೂ ತಾಗಿದರೆ ತಿಳಿಸುವ ಜಾಗ. ಅದರೊಳಗೆ ತಾಗುವ ಗಡಿ ಹೇಳುವ ಕೊಲಿಶನ್‌ಶೇಪ್2ಡಿ, ಆಯತಾಕಾರ, 120 × 60. ಕಾಣುವುದಕ್ಕೆ ಅದೇ ಅಳತೆಯ ಕಲರ್‌ರೆಕ್ಟ್. ಇಲ್ಲಿ ಎಲ್ಲರೂ ಎಡವುತ್ತಾರೆ: ಕೊಲಿಶನ್ ಆಕಾರದ ಮೂಲಬಿಂದು ನಡುವಿನಲ್ಲಿ, ಕಲರ್‌ರೆಕ್ಟ್‌ನದು ಎಡ ಮೇಲ್ತುದಿಯಲ್ಲಿ. ಹಾಗೇ ಬಿಟ್ಟರೆ ಟೊಮೆಟೊ ಬಾಕ್ಸ್‌ನ ಮೇಲೆ ಬಿದ್ದಂತೆ ಕಾಣುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಕಲರ್‌ರೆಕ್ಟ್‌ನ ಪೊಸಿಶನ್ −60, −30 ಮಾಡಿ. ಡೀಬಗ್ ಮೆನುವಿನಲ್ಲಿ ವಿಸಿಬಲ್ ಕೊಲಿಶನ್ ಶೇಪ್ಸ್ ಆನ್ ಮಾಡಿದರೆ ಎರಡೂ ಒಂದರ ಮೇಲೊಂದು ಕೂತಿವೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಬಾಕ್ಸ್ ಅನ್ನು ವೈ 880ರಲ್ಲಿಟ್ಟು (ಗೋಡೋದಲ್ಲಿ ವೈ ಎಣಿಕೆ ಮೇಲಿಂದ ಕೆಳಕ್ಕೆ) ಮೌಸ್‌ನ ಎಕ್ಸ್ ಬೆಲೆಯ ಕಡೆಗೆ ಸರಿಸಿ. ಫೋನಿನಲ್ಲಿ ಬೆರಳಿನ ಸ್ಪರ್ಶವನ್ನು ಗೋಡೋ ತಾನೇ ಮೌಸ್ ಎಂದು ತೆಗೆದುಕೊಳ್ಳುವುದರಿಂದ ಬೇರೆ ಕೋಡ್ ಬೇಡ. ಮೂವ್ ಟುವರ್ಡ್ ಫಂಕ್ಷನ್‌ಗೆ ಸೆಕೆಂಡಿಗೆ 600 ಪಿಕ್ಸೆಲ್ ವೇಗ ಕೊಡಿ, ಕ್ಲ್ಯಾಂಪ್‌ನಿಂದ 60 ಮತ್ತು 480ರ ನಡುವೆ ಕಟ್ಟಿಹಾಕಿ. ಆ ತುದಿಯಿಂದ ಈ ತುದಿಗೆ 0.7 ಸೆಕೆಂಡ್ ಆಗುತ್ತದೆ. ಬೆರಳಿಟ್ಟಲ್ಲಿಗೆ ಬಾಕ್ಸ್ ತಟ್ಟನೆ ಹಾರಿದರೆ ಆಟ ತೀರಾ ಸಲೀಸಾಗಿಬಿಡುತ್ತದೆ.

ಟೊಮೆಟೊ ಬೇರೆಯದೇ ಸೀನ್ (ನೋಡ್‌ಗಳನ್ನು ಸೇರಿಸಿಟ್ಟ ಒಂದು ಫೈಲ್): ಏರಿಯಾ2ಡಿ, 20 ಪಿಕ್ಸೆಲ್ ತ್ರಿಜ್ಯದ ವೃತ್ತ. ಪ್ರತಿ ಫ್ರೇಮಿಗೂ ಓಡುವ ಪ್ರೋಸೆಸ್ ಫಂಕ್ಷನ್‌ನಲ್ಲಿ ವೈ ಬೆಲೆಗೆ 300 ಗುಣಿಸು ಡೆಲ್ಟಾ ಕೂಡಿಸಿ. ಡೆಲ್ಟಾ ಅಂದರೆ ಹಿಂದಿನ ಫ್ರೇಮ್‌ನಿಂದ ಇಲ್ಲಿಯವರೆಗೆ ಕಳೆದ ಸಮಯ. ಅದನ್ನು ಬಿಟ್ಟು ಫ್ರೇಮಿಗೆ 5 ಪಿಕ್ಸೆಲ್ ಅಂತ ಬರೆದರೆ 60 ಹರ್ಟ್ಸ್ ಪರದೆಯಲ್ಲಿ ಸೆಕೆಂಡಿಗೆ 300 ಬೀಳುತ್ತದೆ, 144 ಹರ್ಟ್ಸ್ ಪರದೆಯಲ್ಲಿ 720. ನಿಮ್ಮಲ್ಲಿ ಸರಿಯಿದ್ದ ಆಟ ಗೆಳೆಯರ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಹುಚ್ಚೆದ್ದು ಓಡುವುದು ಇದಕ್ಕೇ. ವೈ 1000 ದಾಟಿದ ಟೊಮೆಟೊವನ್ನು ಕ್ಯೂ ಫ್ರೀ ಮಾಡಿ ಅಳಿಸಿ. ಇಲ್ಲದಿದ್ದರೆ ಕಣ್ಣಿಗೆ ಕಾಣದೆ ಕೆಳಕ್ಕೆ ಬೀಳುತ್ತಲೇ ಇರುತ್ತವೆ, ಆಡಿದಷ್ಟೂ ಫೋನ್ ನಿಧಾನವಾಗುತ್ತದೆ.

ಮುಖ್ಯ ಸೀನ್‌ನಲ್ಲಿ 0.8 ಸೆಕೆಂಡಿನ ಟೈಮರ್ ಇಡಿ. ಅದರ ಟೈಮ್‌ಔಟ್ ಸಿಗ್ನಲ್ (ಸಮಯ ಮುಗಿಯಿತೆಂಬ ಸೂಚನೆ) ಬಂದಾಗಲೆಲ್ಲ ಟೊಮೆಟೊ ಸೀನ್ ಅನ್ನು ಇನ್‌ಸ್ಟಾನ್ಶಿಯೇಟ್ ಮಾಡಿ (ಅದರ ಹೊಸ ಪ್ರತಿ ತೆಗೆದು), ಎಕ್ಸ್ ಅನ್ನು 40ರಿಂದ 500ರೊಳಗೆ ಯಾದೃಚ್ಛಿಕವಾಗಿ, ವೈ −30 ಕೊಟ್ಟು, ಆ್ಯಡ್ ಚೈಲ್ಡ್ ಮಾಡಿ, ಅಂದರೆ ಆಟದೊಳಕ್ಕೆ ಸೇರಿಸಿ. ಏನೂ ಬೀಳುತ್ತಿಲ್ಲ, ಕೆಂಪು ಎರರ್ ಕೂಡ ಇಲ್ಲ ಅಂದರೆ ಮೊದಲು ಎರಡು ಅನುಮಾನ: ಟೈಮರ್‌ನ ಆಟೋಸ್ಟಾರ್ಟ್ ಟಿಕ್ ಆಗಿಲ್ಲ, ಅಥವಾ ಆ್ಯಡ್ ಚೈಲ್ಡ್ ಮರೆತಿದೆ. ಐದರಲ್ಲಿ ಒಂದು ಕೊಳೆತದ್ದಿರಲಿ. ಅರವತ್ತು ಸೆಕೆಂಡಿಗೆ 75 ಬೀಳುತ್ತವೆ, ಒಳ್ಳೆಯವು ಸುಮಾರು 60. ಕೊನೆಯ ಮೂರು ಸೆಕೆಂಡಿನವು ಕೆಳಗೆ ಮುಟ್ಟುವುದರೊಳಗೆ ಆಟ ಮುಗಿದಿರುತ್ತದೆ. ಹಾಗಾಗಿ ಕೈ ಪಳಗಿದವರಿಗೆ ಮೂರು ಬಾಕ್ಸ್ ಖಾತ್ರಿ, ನಾಲ್ಕನೆಯದಕ್ಕೆ ಅದೃಷ್ಟ ಬೇಕು. ಮತ್ತೆ ಮತ್ತೆ ಆಡಿಸುವುದು ಆ ನಾಲ್ಕನೆಯದೇ.

ಹಿಡಿದದ್ದನ್ನು ಎಣಿಸುವ ಏರಿಯಾ ಎಂಟರ್ಡ್ ಸಿಗ್ನಲ್ ಅನ್ನು ಬಾಕ್ಸ್‌ಗೆ ಜೋಡಿಸಿ, ಟೊಮೆಟೊಗೆ ಬೇಡ. ಟೊಮೆಟೊಗೆ ಜೋಡಿಸಿದರೆ ಎರಡು ಟೊಮೆಟೊ ಗಾಳಿಯಲ್ಲಿ ತಾಗಿದಾಗಲೂ ಸಿಗ್ನಲ್ ಹೊಡೆಯುತ್ತದೆ. ವೇಗ ಎಲ್ಲಕ್ಕೂ ಒಂದೇ ಇರುವವರೆಗೆ ಈ ದೋಷ ಅಡಗಿ ಕೂತಿರುತ್ತದೆ. ಒಂದಕ್ಕೊಂದು ಬೇರೆ ವೇಗ ಕೊಟ್ಟ ದಿನ ಅಂಕ ತಾನಾಗಿಯೇ ಏರತೊಡಗುತ್ತದೆ. ಕೊಳೆತದ್ದಕ್ಕೆ ಮೂರು ಕಳೆಯುವಾಗ ಸೊನ್ನೆಗಿಂತ ಕೆಳಗಿಳಿಯದಂತೆ ತಡೆಯುವುದನ್ನೂ ಮರೆಯಬೇಡಿ.

ಸಮಯ ಮುಗಿದ ಮೇಲೆ ಆಟವನ್ನು ಪಾಸ್ (pause, ತಾತ್ಕಾಲಿಕ ನಿಲುಗಡೆ) ಮಾಡಿ 'ಮತ್ತೆ ಆಡಿ' ಬಟನ್ ತೋರಿಸಿದರೆ ಆ ಬಟನ್ನೇ ಒತ್ತಿಕೊಳ್ಳುವುದಿಲ್ಲ, ಏಕೆಂದರೆ ಪಾಸ್ ಅದಕ್ಕೂ ತಾಗಿರುತ್ತದೆ. ಬಟನ್‌ನ ಪ್ರೋಸೆಸ್ ಮೋಡ್ ಆಲ್ವೇಸ್ ಮಾಡಿ. ಸೀನ್ ರೀಲೋಡ್ ಮಾಡುವ ಮುನ್ನ ಪಾಸ್ ತೆಗೆಯಿರಿ; ರೀಲೋಡ್ ಆದರೂ ಪಾಸ್ ಹಾಗೇ ಉಳಿದು ಹೊಸ ಆಟ ಕಲ್ಲಿನಂತೆ ನಿಂತಿರುತ್ತದೆ.

ಯೂಟ್ಯೂಬ್ ನೋಡಿ ಕಲಿಯುವವರು ಗೋಡೋ 3ರ ವಿಡಿಯೊ ಬಿಟ್ಟುಬಿಡಿ. ಕೈನೆಮ್ಯಾಟಿಕ್‌ಬಾಡಿ2ಡಿ, ಯೀಲ್ಡ್ ಅನ್ನುವ ಪದ ಕಂಡರೆ ಅದು ಹಳೆಯದು, ನಾಲ್ಕರಲ್ಲಿ ಅವುಗಳ ಹೆಸರೇ ಬದಲಾಗಿದೆ. ಎಐ ಬರೆದುಕೊಡುವ ಕೋಡ್‌ನಲ್ಲೂ ಎರಡು ಆವೃತ್ತಿ ಕಲಸಿಹೋಗುವುದುಂಟು. ಕಾಪಿ ಮಾಡಿದ ಕೋಡ್‌ನಲ್ಲಿ ಟ್ಯಾಬ್ ಜೊತೆ ಸ್ಪೇಸ್ ಬೆರೆತಿದ್ದರೂ ಎರರ್ ಬರುತ್ತದೆ. ಹತ್ತು ಕೆಂಪು ಸಾಲು ಬಂದಾಗ ಮೊದಲನೆಯದನ್ನು ಮಾತ್ರ ಸರಿಮಾಡಿ ಮತ್ತೆ ಓಡಿಸಿ, ಉಳಿದವು ಬಹುಪಾಲು ಅದರ ಮಕ್ಕಳು. 'ನಲ್ ಇನ್‌ಸ್ಟೆನ್ಸ್' ಎಂದರೆ ಹೆಚ್ಚಾಗಿ ಕೋಡ್‌ನಲ್ಲಿ ಬರೆದ ಹೆಸರಿನ ನೋಡ್ ಆ ಜಾಗದಲ್ಲಿ ಇಲ್ಲ ಎಂದರ್ಥ.

ಕನ್ನಡ ಅಕ್ಷರದ ವಿಷಯಕ್ಕೆ ಬರೋಣ. ಗೋಡೋ 3ರಲ್ಲಿ ಒತ್ತಕ್ಷರ ಒಡೆದು ಬರುತ್ತಿತ್ತು, ನಾಲ್ಕರಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಗೋಡೋದ ಸ್ವಂತ ಫಾಂಟ್‌ನಲ್ಲಿ ಕನ್ನಡ ಇಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ಸಿಸ್ಟಮ್ ಫಾಂಟ್ ಎರವಲು ಪಡೆದು ತೋರಿಸುತ್ತದೆ, ಬ್ರೌಸರ್‌ನಲ್ಲಿ ಆ ಸೌಲಭ್ಯ ಇಲ್ಲದ್ದರಿಂದ ಖಾಲಿ ಚೌಕಗಳು ಸಾಲುಗಟ್ಟುತ್ತವೆ. ನೋಟೋ ಸಾನ್ಸ್ ಕನ್ನಡ ಉಚಿತ. ಫೈಲನ್ನು ಪ್ರಾಜೆಕ್ಟ್ ಫೋಲ್ಡರ್‌ಗೆ ಹಾಕಿ, ಸೆಟ್ಟಿಂಗ್ಸ್‌ನ ಥೀಮ್ ವಿಭಾಗದಲ್ಲಿ ಕಸ್ಟಮ್ ಫಾಂಟ್ ಆಗಿ ಕೊಡಿ.

ಚಿತ್ರ ಬಿಡಿಸಲು ಪಿಸ್ಕೆಲ್ (Piskel) ಎಂಬ ಟೂಲ್ ಸಾಕು. ಶಬ್ದಕ್ಕೆ ಮಂಡಿಯವರನ್ನು ಕೇಳಿಕೊಂಡು ಹರಾಜಿನ ಕೂಗನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಬಹುದು. ಫೋನ್ ಸಾಮಾನ್ಯವಾಗಿ ಎಂ4ಎ ಫೈಲ್ ಕೊಡುತ್ತದೆ, ಗೋಡೋ ಅದನ್ನು ಓದುವುದಿಲ್ಲ. ಚಿಕ್ಕ ಶಬ್ದ ವೇವ್, ಸಂಗೀತ ಓಜಿಜಿ ಮಾಡಿಕೊಳ್ಳಿ. ಫೈಲ್ ಹೆಸರೆಲ್ಲ ಇಂಗ್ಲಿಷಿನ ಚಿಕ್ಕಕ್ಷರದಲ್ಲೇ ಇರಲಿ. ವಿಂಡೋಸ್ ದೊಡ್ಡಕ್ಷರ ಚಿಕ್ಕಕ್ಷರ ಎಂದು ಭೇದ ಮಾಡುವುದಿಲ್ಲ, ಎಕ್ಸ್‌ಪೋರ್ಟ್ ಆದ ಗೇಮ್ ಮಾಡುತ್ತದೆ.

ಎಕ್ಸ್‌ಪೋರ್ಟ್‌ಗೆ ಟೆಂಪ್ಲೇಟ್ ಬೇರೆ ಇಳಿಸಬೇಕು. ಸುಮಾರು ಒಂದು ಜಿಬಿ, ಊರಿನ ವೈಫೈ ಇರುವ ಕಡೆ ಮಾಡಿಕೊಳ್ಳಿ. ವೆಬ್ ಎಕ್ಸ್‌ಪೋರ್ಟ್ ಅನ್ನು ಖಾಲಿ ಫೋಲ್ಡರ್‌ಗೆ ಮಾಡಿ, ಮುಖ್ಯ ಫೈಲಿಗೆ ಇಂಡೆಕ್ಸ್ ಎಂದೇ ಹೆಸರಿಟ್ಟು, ಫೈಲುಗಳನ್ನೆಲ್ಲ ಜಿಪ್ ಮಾಡಿ ಗೇಮ್ ಹಂಚುವ ತಾಣ ಇಚ್ ಡಾಟ್ ಐಒಗೆ (itch.io) ಏರಿಸಿ. ಖರ್ಚಿಲ್ಲ. ಇಂಡೆಕ್ಸ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಪರೀಕ್ಷಿಸಲು ಹೋಗಬೇಡಿ, ಸರ್ವರ್ ಇಲ್ಲದೆ ಅದು ತೆರೆಯುವುದಿಲ್ಲ. ಪ್ಲೇ ಸ್ಟೋರ್ ಈಗಲೇ ಬೇಡ: ಖಾತೆಗೆ ಒಂದು ಸಲದ 25 ಡಾಲರ್ ಕೊಡಬೇಕು, ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನರಿಂದ 14 ದಿನ ಸತತ ಪರೀಕ್ಷೆ ಮಾಡಿಸಬೇಕು.

ಲಿಂಕ್ ಹಂಚುವ ಮುಂಚೆ ಫೋನನ್ನು ಮನೆಯಲ್ಲಿ ಯಾರ ಕೈಗಾದರೂ ಕೊಟ್ಟು, ಏನೂ ಹೇಳದೆ ಹೆಬ್ಬೆರಳನ್ನು ಗಮನಿಸಿ. 880ರಲ್ಲಿರುವ ಬಾಕ್ಸ್ ಹೆಬ್ಬೆರಳ ಕೆಳಗೆ ಮುಚ್ಚಿಹೋಗುತ್ತದೆ. ಅದನ್ನು 780ಕ್ಕೆ ಏರಿಸಿ, ಕೆಳಗಿನ ಜಾಗ ಬೆರಳಿಗೆ ಬಿಡಿ.