ಕೊನೆ ಪುಟ ತಂದುಕೊಟ್ಟ ಓದುಗರು

ಹೋದ ತಿಂಗಳು ನನ್ನ ನಾಲ್ಕನೇ ಇ-ಪುಸ್ತಕ ಬಂತು. ಜಾಹೀರಾತಿಗೆ ಬಿಡಿಗಾಸು ಹಾಕಲಿಲ್ಲ. ಮೊದಲ ವಾರದಲ್ಲೇ 600ರ ಹತ್ತಿರ ಪ್ರತಿ ಮಾರಾಟವಾಯಿತು. ಲಿಂಕ್ ಒತ್ತಿದವರ ಲೆಕ್ಕ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ನನ್ನ ಇಮೇಲ್ ಪತ್ರ ಓದುವವರೇ ಕೊಂಡದ್ದು. ನನ್ನ ಮೊದಲ ಪುಸ್ತಕ ಇಡೀ ವರ್ಷದಲ್ಲಿ ನೂರು ಪ್ರತಿ ದಾಟಿರಲಿಲ್ಲ. ಹಾಗಾಗಿ ಈ 600 ನನಗೆ ದೊಡ್ಡದೇ.

ತಾನೇ ಇ-ಪುಸ್ತಕ ಪ್ರಕಟಿಸುವ ಈ ಕೆಲಸಕ್ಕೆ ನನಗಿಂತ ಮೊದಲು ಇಳಿದ ಗೆಳೆಯನೊಬ್ಬ ಇದ್ದಾನೆ. ಪುಸ್ತಕದ ಕೊನೆ ಪುಟದಲ್ಲಿ ಲಿಂಕ್ ಕೊಟ್ಟು ಓದುಗರ ಇಮೇಲ್ ಪಟ್ಟಿ ಮಾಡುತ್ತೇನೆ ಅಂತ ಹೇಳಿದಾಗ, "ಕೊನೆ ಪುಟ ಯಾರು ನೋಡ್ತಾರೋ? ಕಥೆ ಮುಗೀತು, ಮುಚ್ಚಿ ಇಟ್ರು, ಅಷ್ಟೇ. ಸುಮ್ನೆ ಟೈಮ್ ಹಾಳು ಮಾಡ್ಬೇಡ, ಜಾಹೀರಾತು ಕಲಿ" ಅಂದಿದ್ದ. ಇನ್ನೂ ಇಬ್ಬರು ಮೂವರು ಅದನ್ನೇ ಹೇಳಿದರು. ಇದು ಹೇಗಾಯಿತು ಅಂತ ಈಗ ಅವರೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಕೆಡಿಪಿ (ಅಮೆಜಾನ್‌ನಲ್ಲಿ ನಾವೇ ಪುಸ್ತಕ ಪ್ರಕಟಿಸುವ ಸೇವೆ) ಖಾತೆ ತೆರೆಯುವುದು, ಇಪಬ್ (ಇ-ಪುಸ್ತಕದ ಫೈಲ್) ಮಾಡುವುದು, ಕೀವರ್ಡ್ ತುಂಬುವುದು ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ, ಅದಕ್ಕೆ ಹೋಗುವುದಿಲ್ಲ. ಅಂಕಿಗಳು ನೆನಪಿನಿಂದ ಹೇಳುತ್ತಿರುವುದು, ಸ್ವಲ್ಪ ಆಚೀಚೆ ಇರಬಹುದು.

ಮೊದಲು ಕಳೆದುಕೊಂಡ ದುಡ್ಡಿನ ಕಥೆ.

2019ರ ಕೊನೆಗೆ ಮೊದಲ ಪತ್ತೇದಾರಿ ಕಾದಂಬರಿ ಹಾಕಿದೆ. ಇ-ಪುಸ್ತಕವನ್ನು 90 ದಿನ ಅಮೆಜಾನ್‌ನಲ್ಲಿ ಮಾತ್ರ ಇಡುವ ಕೆಡಿಪಿ ಸೆಲೆಕ್ಟ್ ಯೋಜನೆಗೆ ಸೇರಿಸಿ, ಆ 90 ದಿನದಲ್ಲಿ ಪುಸ್ತಕವನ್ನು ಬಿಟ್ಟಿ ಕೊಡಲು ಸಿಗುವ 5 ದಿನಗಳನ್ನು ಒಟ್ಟಿಗೇ ಬಳಸಿಬಿಟ್ಟೆ. ಮೂರು ಸಾವಿರ ಚಿಲ್ಲರೆ ಡೌನ್‌ಲೋಡ್! ಆ ಐದು ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ, ಗ್ರಾಫ್ ಏರುವುದನ್ನೇ ನೋಡುತ್ತಾ ಕೂತಿದ್ದೆ. ಆರನೇ ದಿನ ಸೊನ್ನೆ. ಏಳನೇ ದಿನವೂ ಸೊನ್ನೆ. ಬಂದ ವಿಮರ್ಶೆ ನಾಲ್ಕು. ಬಿಟ್ಟಿ ಸಿಕ್ಕಿದ ಪುಸ್ತಕವನ್ನು ಇಳಿಸಿಕೊಂಡದ್ದೇ ಜನರಿಗೆ ಮರೆತು ಹೋಗುತ್ತದೆ.

ಆಮೇಲೆ ಜಾಹೀರಾತು. ಒಂದು ಕ್ಲಿಕ್ಕಿಗೆ ಸುಮಾರು 40 ಸೆಂಟ್ ಬೀಳುತ್ತಿತ್ತು. ನನ್ನ ಪುಸ್ತಕದ ಬೆಲೆ 2.99 ಡಾಲರ್, 70 ಪರ್ಸೆಂಟ್ ರಾಯಲ್ಟಿಯಲ್ಲಿ ಕೈಗೆ ಸಿಗುವುದು ಎರಡು ಡಾಲರ್. ಅಂದರೆ ಐದು ಕ್ಲಿಕ್ಕಿಗೆ ಒಬ್ಬ ಕೊಂಡರೆ ಸರಿಸಮ. ನನಗೆ ಕೊಳ್ಳುತ್ತಿದ್ದದ್ದು 25ಕ್ಕೆ ಒಬ್ಬ. ಎರಡು ಡಾಲರ್ ಸಿಗಲಿ ಅಂತ ಹತ್ತು ಡಾಲರ್ ಸುರಿಯುತ್ತಿದ್ದೆ. ಎರಡು ತಿಂಗಳಲ್ಲಿ 400 ಡಾಲರ್ ಹೋಯಿತು, 80 ವಾಪಸ್ ಬಂತು. ಜಾಹೀರಾತೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸರಣಿಯಲ್ಲಿ ನಾಲ್ಕೈದು ಪುಸ್ತಕ ಇದ್ದರೆ ಲೆಕ್ಕ ಬೇರೆ ಆಗುತ್ತದೆ, ಒಬ್ಬ ಓದುಗ ಮುಂದಿನ ನಾಲ್ಕನ್ನೂ ಕೊಳ್ಳುತ್ತಾನೆ. ಒಂದೇ ಪುಸ್ತಕ ಇಟ್ಟುಕೊಂಡು ಜಾಹೀರಾತಿಗೆ ಹೋಗಬಾರದು. ಇದನ್ನು ನನಗೆ ಆಗ ಯಾರಾದರೂ ಕೂರಿಸಿ ಹೇಳಬೇಕಿತ್ತು.

ಒಂದು ಪ್ರಚಾರ ಸಂಸ್ಥೆಗೆ 150 ಡಾಲರ್ ಕೊಟ್ಟೆ. ಲಕ್ಷ ಜನರಿಗೆ ತಲುಪಿಸುತ್ತೇವೆ ಅಂದರು. ಎರಡು ಪ್ರತಿ ಹೋಯಿತು.

ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಬಹುಮಾನದ ಸ್ಪರ್ಧೆ. ಇಮೇಲ್ ಕೊಟ್ಟವರಲ್ಲಿ ಒಬ್ಬರಿಗೆ ಇ-ರೀಡರ್ (ಇ-ಪುಸ್ತಕ ಓದುವ ಸಾಧನ) ಬಹುಮಾನ ಅಂತ ಹಾಕಿದೆ. 1,400 ವಿಳಾಸ ಬಂತು. ನನಗೋ ಖುಷಿಯೋ ಖುಷಿ. ಮೊದಲ ಪತ್ರ ಕಳಿಸಿದೆ, ಲಿಂಕ್ ಒತ್ತಿದವರು 30. ಎರಡನೇ ಪತ್ರಕ್ಕೆ ಎಷ್ಟೋ ಜನ ಪಟ್ಟಿ ಬಿಟ್ಟು ಹೋದರು, ಒಂಬತ್ತು ಜನ ಸ್ಪ್ಯಾಮ್ ಅಂತ ದೂರು ಒತ್ತಿದರು. ಒಂಬತ್ತು ತಾನೆ ಅನ್ನಬೇಡಿ. ಪತ್ರ ಕಳಿಸುವ ಸೇವೆಯವರು ಖಾತೆ ನಿಲ್ಲಿಸುವ ಎಚ್ಚರಿಕೆ ಕೊಟ್ಟರು. (2024ರಿಂದ ಜಿಮೇಲ್ ಕೂಡ ದೊಡ್ಡ ಮಟ್ಟದಲ್ಲಿ ಕಳಿಸುವವರಿಗೆ ಸ್ಪ್ಯಾಮ್ ದೂರು 0.3 ಪರ್ಸೆಂಟ್ ಒಳಗೇ ಇರಬೇಕು ಅಂತ ಇಟ್ಟಿದೆ. ನನ್ನದು ಅದರ ಎರಡು ಪಟ್ಟು ಇತ್ತು.) ಅವರಿಗೆ ಬೇಕಿದ್ದದ್ದು ಇ-ರೀಡರ್, ನನ್ನ ಕಥೆ ಅಲ್ಲ. ಒಂದು ರಾತ್ರಿ ಕೂತು ಅಷ್ಟೂ ವಿಳಾಸ ಅಳಿಸಿಬಿಟ್ಟೆ. ಪಟ್ಟಿಯಲ್ಲಿ ಉಳಿದವರು 11 ಜನ.

ಆ 11 ಎಲ್ಲಿಂದ ಬಂದರು? ಪುಸ್ತಕದ ಕೊನೆಯಲ್ಲಿ ನಾನು ಬರೆದಿದ್ದ ಒಂದು ಸಾಲಿನಿಂದ. ಆದರೆ ಅದು ಹೊಳೆಯಲು ಇನ್ನೂ ಒಂದು ತಿಂಗಳು ಬೇಕಾಯಿತು.

ಸೆಲೆಕ್ಟ್‌ಗೆ ಸೇರಿದ ಪುಸ್ತಕ ಕಿಂಡಲ್ ಅನ್‌ಲಿಮಿಟೆಡ್ ಅನ್ನುವ ಅಮೆಜಾನ್‌ನ ಚಂದಾ ಸೇವೆಯಲ್ಲೂ ಇರುತ್ತದೆ. ಅಲ್ಲಿ ಲೇಖಕನಿಗೆ ಓದಿದ ಪುಟಕ್ಕೆ ದುಡ್ಡು ಅಲ್ವಾ, ದಿನಕ್ಕೆ ಎಷ್ಟು ಪುಟ ಅಂತ ತೋರಿಸುತ್ತದೆ. ನನ್ನದು ಹೆಚ್ಚಾಗಿ ಸೊನ್ನೆ, ಕೆಲವು ದಿನ 12, 30. ಒಂದು ಬೆಳಿಗ್ಗೆ ನೋಡಿದರೆ 283. ನನ್ನ ಪುಸ್ತಕ ಕೆಇಎನ್‌ಪಿ (ಈ ಸೇವೆಗಾಗಿ ಅಮೆಜಾನ್ ಪುಟ ಎಣಿಸುವ ಕ್ರಮ) ಲೆಕ್ಕದಲ್ಲಿ ಸರಿಯಾಗಿ 283 ಪುಟ. ಯಾರೋ ಒಬ್ಬರು ಮೊದಲಿಂದ ಕೊನೆವರೆಗೆ ಕೂತಲ್ಲೇ ಓದಿ ಮುಗಿಸಿದ್ದಾರೆ! ನನಗೆ ಬಂದದ್ದು ಒಂದೂಕಾಲು ಡಾಲರ್ ಆಸುಪಾಸು. ಆದರೆ ನನ್ನ ತಲೆಯಲ್ಲಿ ಕೂತದ್ದು ಬೇರೆ. ಈ ಮನುಷ್ಯನಿಗೆ ನನ್ನ ಎರಡನೇ ಪುಸ್ತಕ ಖಂಡಿತ ಬೇಕು. ಅದು ಬಂದಾಗ ಅವನಿಗೆ ಹೇಳುವ ದಾರಿಯೇ ನನ್ನ ಹತ್ತಿರ ಇಲ್ಲ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅಂಗಡಿಗೆ ಗೊತ್ತು, ನನಗೆ ಗೊತ್ತಿಲ್ಲ.

ಅವತ್ತೇ ನನ್ನ ಪುಸ್ತಕವನ್ನು ಓದುಗನ ಹಾಗೆ ಕೊನೆ ಅಧ್ಯಾಯದಿಂದ ತೆರೆದು ನೋಡಿದೆ. ಕಥೆಯ ಕೊನೆ ಸಾಲು. ಪುಟ ತಿರುಗಿಸಿದರೆ ಕೃತಜ್ಞತೆಗಳು, ಎರಡು ಪುಟ. ಆಮೇಲೆ ಲೇಖಕರ ಪರಿಚಯ, ಫೋಟೋ. ಆಮೇಲೆ ಹಕ್ಕುಸ್ವಾಮ್ಯ. ಅದೆಲ್ಲ ಮುಗಿದ ಮೇಲೆ, "ಹೊಸ ಪುಸ್ತಕಗಳ ಮಾಹಿತಿಗೆ ನೋಂದಾಯಿಸಿ." ಎಂಟು ತಿಂಗಳಲ್ಲಿ 11 ಜನ ಅಷ್ಟು ದೂರ ಬಂದದ್ದೇ ದೊಡ್ಡದು.

ಎಲ್ಲವನ್ನೂ ಪುಸ್ತಕದ ಮುಂಭಾಗಕ್ಕೆ ಎತ್ತಿ ಹಾಕಿದೆ. ಕೊನೆ ಸಾಲಾದ ಮೇಲೆ ಒಂದು ಪುಟ, ಅದರಲ್ಲಿ ಮೂರೇ ಸಾಲು. ಏನು ಬರೆದೆ ಅನ್ನುವುದರಲ್ಲೂ ಮೊದಲು ಎಡವಿದೆ. ಕೊಲೆ ಮಾಡಿದವನಿಗೆ ಕಾರಣ ಏನಿತ್ತು ಅನ್ನುವುದನ್ನೇ ಕಥೆಯಿಂದ ಕಿತ್ತು, ಅದು ಬೇಕಿದ್ದರೆ ಇಮೇಲ್ ಕೊಡಿ ಅಂತ ಹಾಕಿದೆ. ಒಂದೇ ವಾರದಲ್ಲಿ ಎರಡು ಒಂದು-ಸ್ಟಾರ್ ಬಂತು. ಒಬ್ಬರು "ಅರ್ಧ ಕಥೆ ಮಾರಿದ್ದಾನೆ" ಅಂತ ಬರೆದಿದ್ದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹತ್ತು ದಿನದಲ್ಲಿ ಫೈಲ್ ಬದಲಿಸಿದೆ.

ಈಗಿರುವುದು ಹೀಗೆ. ಕಥೆಯಲ್ಲಿ ತನಿಖೆ ಮಾಡುವವನ ಹೆಂಡತಿ ಒಂದು ಪತ್ರ ಬರೆದು, ಕಳಿಸದೆ ಹರಿದು ಹಾಕುತ್ತಾಳೆ. ಕೊಲೆಗೂ ಅದಕ್ಕೂ ಸಂಬಂಧ ಇಲ್ಲ. ಕೊನೆ ಪುಟದಲ್ಲಿ, "ಅವಳು ಹರಿದು ಹಾಕಿದ ಪತ್ರ ನನ್ನ ಹತ್ತಿರ ಇದೆ. ಓದಬೇಕು ಅನಿಸಿದರೆ ಹೇಳಿ, ಕಳಿಸುತ್ತೇನೆ" ಅಂತ ಬರೆದು ಲಿಂಕ್ ಕೊಟ್ಟಿದ್ದೇನೆ. ಕಥೆ ಪೂರ್ತಿ ಮುಗಿದಿರಬೇಕು, ಆದರೆ ಒಂದು ಪಾತ್ರದ ಮೇಲಿನ ಕುತೂಹಲ ಉಳಿದಿರಬೇಕು. ಇಷ್ಟೇ ಗುಟ್ಟು. ಆ ಪತ್ರವನ್ನು ಸುಮ್ನೆ ಗೀಚಿ ಹಾಕಿದರೆ ನಡೆಯುವುದಿಲ್ಲ. ಎರಡು ಪುಟದ ಆ ಪತ್ರಕ್ಕೆ ನಾನು ಹನ್ನೆರಡು ದಿನ ತೆಗೆದುಕೊಂಡೆ. ಇವತ್ತಿಗೂ ನಾನು ಬರೆದದ್ದರಲ್ಲಿ ಅದೇ ಒಳ್ಳೆಯದು ಅನ್ನುವ ಓದುಗರಿದ್ದಾರೆ.

ಮೊದಲ ತಿಂಗಳೇ 19 ಜನ ಬಂದರು. ನನ್ನ ಅಂದಾಜಿನಲ್ಲಿ ಓದಿ ಮುಗಿಸಿದ ನೂರು ಜನರಲ್ಲಿ 12ರಿಂದ 15 ಜನ ಲಿಂಕ್ ಒತ್ತುತ್ತಾರೆ. ಒಂದು ವರ್ಷಕ್ಕೆ 350 ಆಯಿತು, ಎರಡನೇ ಪುಸ್ತಕ ಬಂದ ಮೇಲೆ 900, ಈಗ 2,300 ಇರಬೇಕು. ನಿಧಾನ. ತುಂಬಾ ನಿಧಾನ. ಆದರೆ ಇವರಲ್ಲಿ ಪ್ರತಿಯೊಬ್ಬರೂ ನನ್ನ ಒಂದು ಪುಸ್ತಕವನ್ನಾದರೂ ಪೂರ್ತಿ ಓದಿದವರು. ಪತ್ರ ತೆರೆದವರ ಶೇಕಡಾವಾರು ಹೇಳುವುದಿಲ್ಲ. 2021ರಲ್ಲಿ ಆಪಲ್ ಮೇಲ್ ಗೌಪ್ಯತೆಯ ವ್ಯವಸ್ಥೆ ತಂದಾಗಿನಿಂದ ಆ ಅಂಕಿ ನಂಬುವ ಹಾಗಿಲ್ಲ, ತೆರೆಯದಿದ್ದರೂ ತೆರೆದ ಹಾಗೆ ತೋರಿಸುತ್ತದೆ. ಎಷ್ಟು ಜನ ಉತ್ತರ ಬರೆದರು, ಅದೊಂದನ್ನೇ ನಾನು ಎಣಿಸುವುದು.

ಉತ್ತರ ಬರೆಸುವುದಕ್ಕೆ ಮೊದಲ ಪತ್ರದಲ್ಲೇ ಒಂದು ಪ್ರಶ್ನೆ ಕೇಳುತ್ತೇನೆ: "ಓದುವಾಗ ನಡುವೆ ಪುಸ್ತಕವನ್ನು ಎಲ್ಲಿ ಕೆಳಗಿಟ್ಟಿರಿ?" ಇಷ್ಟವಾಯಿತಾ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಎಲ್ಲಿ ಕೆಳಗಿಟ್ಟಿರಿ ಅಂದರೆ ಯೋಚಿಸಿ ನಿಜ ಹೇಳುತ್ತಾರೆ. ಮೊದಲ 60 ಉತ್ತರದಲ್ಲಿ 20ಕ್ಕೂ ಜಾಸ್ತಿ ಜನ ಏಳನೇ ಅಧ್ಯಾಯ ಅಂದರು. ಎದೆ ಧಸಕ್ಕೆಂದಿತು, ಯಾಕೆಂದರೆ ನನಗೆ ತುಂಬಾ ಇಷ್ಟದ ಅಧ್ಯಾಯ ಅದು. ತೆರೆದು ಓದಿದೆ. ಒಂಬತ್ತು ಪುಟ ಬರೀ ಹಳೆ ಕಥೆ, ಯಾರೂ ಎದ್ದು ಒಂದು ಹೆಜ್ಜೆ ಇಡುವುದಿಲ್ಲ. ಎರಡೂವರೆ ಪುಟಕ್ಕೆ ಇಳಿಸಿ ಹೊಸ ಫೈಲ್ ಹಾಕಿದೆ. ಅಚ್ಚಿನ ಪುಸ್ತಕದವರಿಗೆ ಈ ಭಾಗ್ಯ ಇಲ್ಲ. ಮೊದಲ ಪುಸ್ತಕ ಕೊಂಡ ನೂರು ಜನರಲ್ಲಿ ಎರಡನೆಯದಕ್ಕೆ 20 ಚಿಲ್ಲರೆ ಜನ ಬರುತ್ತಿದ್ದರು, ಅದು ಐದಾರು ತಿಂಗಳಲ್ಲಿ 40ರ ಹತ್ತಿರ ಬಂತು.

ಆಮೇಲಿನ ಎರಡನೇ ಪತ್ರ ಯಾವಾಗ ಹೋಗಬೇಕು, ಅದರ ವಿಷಯದ ಸಾಲು ಏನು, ಇವೆರಡನ್ನು ಹೇಳುವುದಿಲ್ಲ. ಒಂದೂವರೆ ವರ್ಷ ತಿದ್ದಿ ತೀಡಿ ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ.

ಲಿಂಕ್ ಬಗ್ಗೆ ಒಂದು ಮಾತು. ನಾವೆಲ್ಲ ಫೋನಿನಲ್ಲಿ ಒತ್ತಿ ನೋಡಿ ಸರಿ ಇದೆ ಅಂದುಕೊಳ್ಳುತ್ತೇವೆ. ಹಳೆಯ ಕಪ್ಪು-ಬಿಳುಪು ಕಿಂಡಲ್ ಇ-ರೀಡರ್‌ನಲ್ಲಿ ಒತ್ತಿ ನೋಡಿ. ಅದರ ಬ್ರೌಸರ್‌ನಲ್ಲಿ ಇಮೇಲ್ ತುಂಬುವಷ್ಟರಲ್ಲಿ ಓದುಗನಿಗೆ ಸಾಕಾಗಿರುತ್ತದೆ. ಅದಕ್ಕೆ ಲಿಂಕ್ ಕೆಳಗೆ ಫೋನಿನಲ್ಲಿ ಟೈಪ್ ಮಾಡಬಹುದಾದ ಚಿಕ್ಕ ವಿಳಾಸ ಬರೆದೆ. ಕ್ಯೂಆರ್ ಕೋಡ್ ಕೂಡ ಹಾಕಿ ನೋಡಿದೆ. ಕಿಂಡಲ್‌ನ ಇ-ಇಂಕ್ ಪರದೆಯಿಂದ ಫೋನ್ ಅದನ್ನು ಚೆನ್ನಾಗಿ ಓದುತ್ತದೆ, ಆದರೆ ಫೋನಿನಲ್ಲೇ ಪುಸ್ತಕ ಓದುವವರಿಗೆ ಅದು ಉಪಯೋಗಕ್ಕೆ ಬಾರದು. ಎರಡೂ ಇಟ್ಟಿದ್ದೇನೆ. ಇನ್ನೊಂದು, ಲಿಂಕ್ ನಿಮ್ಮ ಸ್ವಂತ ಡೊಮೇನ್‌ನದ್ದೇ ಇರಲಿ. ನಾನು ಪತ್ರದ ಸೇವೆ ಬದಲಿಸಿದಾಗ ಹಳೆ ಲಿಂಕ್ ಸತ್ತು ಹೋಗಿತ್ತು. ಮೂರು ವಾರ ಗೊತ್ತೇ ಆಗಲಿಲ್ಲ. ಆ ಮೂರು ವಾರ ಬಂದು ಬಾಗಿಲು ತಟ್ಟಿ ವಾಪಸ್ ಹೋದವರು ಎಷ್ಟು ಜನವೋ.

ನಡುವೆ ಬೇರೆ ಪ್ರಯೋಗಗಳೂ ಆದವು. ಎರಡನೇ ಪುಸ್ತಕಕ್ಕೆ ನಕ್ಷೆ, ಪ್ರತಿ ಅಧ್ಯಾಯಕ್ಕೆ ಚಿತ್ರ ಹಾಕಿದೆ. ಫೈಲ್ 6 ಎಂಬಿ ಆಯಿತು. 70 ಪರ್ಸೆಂಟ್ ರಾಯಲ್ಟಿಯಲ್ಲಿ ಅಮೆಜಾನ್ ಡಾಟ್ ಕಾಮ್ ಎಂಬಿಗೆ 15 ಸೆಂಟ್ ಡೆಲಿವರಿ ಖರ್ಚು ಕಳೆಯುತ್ತದೆ ಅಲ್ವಾ, ರಾಯಲ್ಟಿ ಲೆಕ್ಕಕ್ಕೆ ಮೊದಲೇ ಬೆಲೆಯಲ್ಲಿ ಪ್ರತಿಗೆ 90 ಸೆಂಟ್ ಹಾರಿಹೋಯಿತು. ಎರಡು ಡಾಲರ್ ಬರುವಲ್ಲಿ ಒಂದೂವರೆಯೂ ಬರುತ್ತಿರಲಿಲ್ಲ. ಚಿತ್ರ ತೆಗೆದೆ, ಯಾರೂ ಕೇಳಲಿಲ್ಲ. ಮುಖಪುಟವನ್ನು ಒಮ್ಮೆ ಪ್ರೇಮಕಥೆಯ ಹಾಗೆ ಬದಲಿಸಿದಾಗ ಮಾರಾಟ ಏರಿತು, ಜೊತೆಗೆ ಬೈಗುಳವೂ ಏರಿತು. ಪ್ರೇಮಕಥೆ ಅಂತ ಕೊಂಡವರಿಗೆ ಮೊದಲ ಪುಟದಲ್ಲೇ ಹೆಣ ಸಿಕ್ಕರೆ ಇನ್ನೇನಾಗುತ್ತದೆ. ಕೊನೆ ಪುಟದಿಂದ ಆ ತಿಂಗಳು ಬಂದವರು ನಾಲ್ಕೇ ಜನ.

ಮೂರನೇ ಪುಸ್ತಕ ಬಂದಾಗ ಪಟ್ಟಿಯವರಿಗಾಗಿ ಮೂರು ದಿನ ಬೆಲೆಯನ್ನು 99 ಸೆಂಟ್‌ಗೆ ಇಳಿಸಿದ್ದೆ. ಆ ಬೆಲೆಗೆ ರಾಯಲ್ಟಿ 35 ಪರ್ಸೆಂಟ್, ಕೈಗೆ 35 ಸೆಂಟ್. ಅದನ್ನೇ 3.99ಕ್ಕೆ ಮಾರಿದ್ದರೆ ಎರಡೂಮುಕ್ಕಾಲು ಡಾಲರ್ ಸಿಗುತ್ತಿತ್ತು. ನಾಲ್ಕನೆಯದಕ್ಕೆ ರಿಯಾಯಿತಿ ಕೊಡಲೇ ಇಲ್ಲ, ಒಬ್ಬರೂ ತಕರಾರು ಮಾಡಲಿಲ್ಲ. ಬದಲಿಗೆ ಪಟ್ಟಿಯವರಲ್ಲಿ 40 ಜನರಿಗೆ ಎರಡು ವಾರ ಮೊದಲೇ ಪುಸ್ತಕ ಕಳಿಸಿದೆ, ಅನಿಸಿದ್ದನ್ನು ಬರೆಯಿರಿ, ಬರೆಯಲೇಬೇಕು ಅಂತಿಲ್ಲ ಅಂದೆ. 25 ಜನ ಬರೆದರು. ನೆಂಟರಿಂದ, ಗೆಳೆಯರಿಂದ ವಿಮರ್ಶೆ ಬರೆಸುವ ಕೆಲಸಕ್ಕೆ ದಯವಿಟ್ಟು ಹೋಗಬೇಡಿ, ಅಮೆಜಾನ್ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ.

ಖರ್ಚು ಕೇಳುವವರಿಗೆ: ಪತ್ರದ ಸೇವೆಗೆ ತಿಂಗಳಿಗೆ 30 ಡಾಲರ್, ಒಂದು ಪುಸ್ತಕದ ಎಡಿಟಿಂಗ್‌ಗೆ 300, ಮುಖಪುಟಕ್ಕೆ 120. ನಾಲ್ಕನೆಯದು ಮೊದಲ ವಾರದಲ್ಲೇ 1,600 ಡಾಲರ್ ದುಡಿಯಿತು. ದುಡ್ಡು ಕೈಗೆ ಬರಲು ತಿಂಗಳು ಮುಗಿದ ಮೇಲೆ ಇನ್ನೂ 60 ದಿನ ಕಾಯಬೇಕು, ಅದು ನಿಮಗೂ ಗೊತ್ತು.

ಈ ತಿಂಗಳ ಕೊನೆಗೆ ಮೊದಲ ಪುಸ್ತಕದ ಸೆಲೆಕ್ಟ್‌ನ ಈಗಿನ 90 ದಿನ ಮುಗಿಯುತ್ತದೆ. ಈ ಸಲ ಸೆಲೆಕ್ಟ್ ಬಿಟ್ಟು ಕೋಬೊ, ಆಪಲ್ ಬುಕ್ಸ್ ಅನ್ನುವ ಬೇರೆ ಇ-ಪುಸ್ತಕ ಅಂಗಡಿಗಳ ಕಡೆಗೂ ಹಾಕುತ್ತಿದ್ದೇನೆ, ಆ ಓದುಗರು ಹೇಗೆ ಅಂತ ನೋಡಬೇಕು. ಒಂದು ಅಂಗಡಿಯ ಪುಸ್ತಕದಲ್ಲಿ ಇನ್ನೊಂದು ಅಂಗಡಿಯ ಲಿಂಕ್ ಇದ್ದರೆ ಒಪ್ಪುವುದಿಲ್ಲ, ಹಾಗಾಗಿ ಒಂದೊಂದು ಅಂಗಡಿಗೂ ಬೇರೆ ಬೇರೆ ಕೊನೆ ಪುಟ ಮಾಡುತ್ತಾ ಕೂತಿದ್ದೇನೆ. ಹರಿದು ಹಾಕಿದ ಪತ್ರ ಮಾತ್ರ ಎಲ್ಲದರಲ್ಲೂ ಅದೇ.